ಜೋರುಗಾಳಿಯಲ್ಲಿ ಹೋಲ್ಡಿಂಗ್: ಮೂರುಪಟ್ಟಿನ ಸೂತ್ರಕ್ಕೆ ಎಷ್ಟು ಬೆಲೆ?

ಇಳಿಯಲು ಸರದಿ ಬರುವವರೆಗೆ ವಿಮಾನ ಸುತ್ತು ಹಾಕುವ ಹಾದಿಗೆ ಹೋಲ್ಡಿಂಗ್ ಪ್ಯಾಟರ್ನ್ ಎಂದು ಹೆಸರು. ಅದರ ಆಕಾರ ಕುದುರೆ ರೇಸಿನ ಮೈದಾನದಂಥದು. ನಕ್ಷೆಯಲ್ಲಿ ಗೊತ್ತುಮಾಡಿದ ಬಿಂದುವನ್ನು, ಅಂದರೆ ಫಿಕ್ಸನ್ನು, ದಾಟಿದ ವಿಮಾನ ಸಾಮಾನ್ಯವಾಗಿ ಬಲಕ್ಕೆ ಅರ್ಧ ಸುತ್ತು ತಿರುಗುತ್ತದೆ. ನೇರವಾಗಿ ಸ್ವಲ್ಪ ದೂರ ಹೋಗಿ ಮತ್ತೆ ಅರ್ಧ ಸುತ್ತು ತಿರುಗುತ್ತದೆ, ನಿಗದಿಯಾದ ಗೆರೆ ಹಿಡಿದು ಫಿಕ್ಸ್‌ಗೆ ಮರಳುತ್ತದೆ. ಹೊರಹೋಗುವ ಭಾಗ ಔಟ್‌ಬೌಂಡ್, ಮರಳುವ ಭಾಗ ಇನ್‌ಬೌಂಡ್. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಕಾವೊ) ನಿಯಮದಂತೆ, ಗಾಳಿಯಿಲ್ಲದಾಗ ಔಟ್‌ಬೌಂಡ್ ಅವಧಿ 14,000 ಅಡಿಯವರೆಗೆ 1 ನಿಮಿಷ, ಅದಕ್ಕಿಂತ ಮೇಲೆ ಒಂದೂವರೆ ನಿಮಿಷ. ತಿರುವಿನಲ್ಲಿ ರೆಕ್ಕೆಯ ಓರೆ 25 ಡಿಗ್ರಿ ಇರಬೇಕು. ಸೆಕೆಂಡಿಗೆ 3 ಡಿಗ್ರಿ ತಿರುಗಲು ಅದಕ್ಕಿಂತ ಕಡಿಮೆ ಓರೆ ಸಾಕಾದರೆ ಅಷ್ಟೇ ಇರಬೇಕು. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಆ ಒಂದು ನಿಮಿಷವನ್ನು ಇನ್‌ಬೌಂಡ್‌ಗೆ ಅಳೆಯುತ್ತಾರೆ, ಅದಕ್ಕೆ ತಕ್ಕಂತೆ ಔಟ್‌ಬೌಂಡನ್ನು ಹೊಂದಿಸಿಕೊಳ್ಳುತ್ತಾರೆ.

ಗಾಳಿ ಬೀಸಿದರೆ ಈ ಅಚ್ಚುಕಟ್ಟು ಉಳಿಯುವುದಿಲ್ಲ. ಅಡ್ಡಗಾಳಿಗೆ ಎಲ್ಲ ಪೈಲಟ್‌ಗಳೂ ಕಲಿಯುವ ಪರಿಹಾರವೊಂದಿದೆ: ಗೆರೆಯ ಮೇಲೆ ಉಳಿಯಲು ಇನ್‌ಬೌಂಡ್‌ನಲ್ಲಿ ಮೂತಿಯನ್ನು ಗಾಳಿಯ ಕಡೆಗೆ ಎಷ್ಟು ಡಿಗ್ರಿ ತಿರುಗಿಸಿರುತ್ತಾರೋ, ಔಟ್‌ಬೌಂಡ್‌ನಲ್ಲಿ ಅದರ ಮೂರುಪಟ್ಟು ತಿರುಗಿಸುವುದು. ಇದರ ಹಿಂದಿನ ತರ್ಕ ಸರಳ. ಸೆಕೆಂಡಿಗೆ 3 ಡಿಗ್ರಿ ತಿರುಗುವ ವಿಮಾನಕ್ಕೆ ಅರ್ಧ ಸುತ್ತಿಗೆ ಒಂದು ನಿಮಿಷ ಬೇಕು. ತಿರುವುಗಳಲ್ಲಿ ಗಾಳಿಯನ್ನು ಸರಿದೂಗಿಸಲು ಆಗುವುದಿಲ್ಲ. ಹಾಗಾಗಿ ಎರಡು ತಿರುವಿನ ಎರಡು ನಿಮಿಷ, ಔಟ್‌ಬೌಂಡ್‌ನದೇ ಒಂದು ನಿಮಿಷ, ಒಟ್ಟು ಮೂರು ನಿಮಿಷದ ತಳ್ಳಾಟವನ್ನು ಔಟ್‌ಬೌಂಡ್‌ನ ಆ ಒಂದೇ ನಿಮಿಷದಲ್ಲಿ ತೀರಿಸಬೇಕು.

ನಿಧಾನವಾಗಿ ಹಾರುವ ತರಬೇತಿ ವಿಮಾನಕ್ಕೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಪ್ರಯಾಣಿಕರ ಜೆಟ್‌ಗೆ ಒಪ್ಪುವುದಿಲ್ಲ. 10,000 ಅಡಿಯಲ್ಲಿ, ಸಾಮಾನ್ಯ ಮಿತಿಯಾದ 230 ನಾಟ್ ವೇಗ ಮಾಪಕದಲ್ಲಿ ಕಾಣುತ್ತಿರುವಾಗ, ಗಾಳಿಯಲ್ಲಿ ವಿಮಾನದ ನಿಜವಾದ ವೇಗ ಸುಮಾರು 265 ನಾಟ್. ಆ ವೇಗದಲ್ಲಿ 25 ಡಿಗ್ರಿ ಓರೆಗೆ ಸೆಕೆಂಡಿಗೆ 2 ಡಿಗ್ರಿಯಷ್ಟೂ ತಿರುಗಲು ಆಗದು. ಅರ್ಧ ಸುತ್ತಿಗೆ 94 ಸೆಕೆಂಡು, ಎರಡಕ್ಕೂ ಸೇರಿ ಮೂರು ನಿಮಿಷ ಮೀರುತ್ತದೆ. ಅಡ್ಡಗಾಳಿ 30 ನಾಟ್ ಇದ್ದರೆ ಇನ್‌ಬೌಂಡ್ ತಿದ್ದುಪಡಿ ಆರೂವರೆ ಡಿಗ್ರಿ, ಅದರ ಮೂರುಪಟ್ಟು ಹತ್ತೊಂಬತ್ತೂವರೆ. ನಿಜಕ್ಕೂ ಬೇಕಾಗುವುದು 28. ಸುತ್ತೊಂದಕ್ಕೆ ಅರ್ಧ ನಾಟಿಕಲ್ ಮೈಲಿಗಿಂತ ಹೆಚ್ಚು ತಪ್ಪುತ್ತದೆ. ಗಾಳಿ 60 ನಾಟ್ ಆದರೆ ಸೂತ್ರ ಕೊಡುವುದು 39 ಡಿಗ್ರಿ, ಬೇಕಾದದ್ದು ಹತ್ತಿರಹತ್ತಿರ 70. ಅಷ್ಟು ಓರೆಯಾಗಿ ಹೋಗುವ ಔಟ್‌ಬೌಂಡ್ ಹೊರಗೆ ಹೋಗುವುದಕ್ಕಿಂತ ಪಕ್ಕಕ್ಕೆ ಸರಿಯುವುದೇ ಹೆಚ್ಚು.

ಕೋನವನ್ನೇ ಹಿಗ್ಗಿಸುತ್ತ ಹೋಗುವ ಬದಲು ಔಟ್‌ಬೌಂಡನ್ನು ಎರಡು ನಿಮಿಷಕ್ಕೆ ಬೆಳೆಸಿದರೆ, ಅದೇ 60 ನಾಟ್ ಗಾಳಿಗೆ 36 ಡಿಗ್ರಿ ಸಾಕು. ಪಠ್ಯಗಳು ಒತ್ತಿ ಹೇಳಬೇಕಾದದ್ದು ಇದನ್ನು: ಜೋರುಗಾಳಿಯಲ್ಲಿ ಪೈಲಟ್‌ನ ಕೈಯಲ್ಲಿರುವ ನಿಜವಾದ ಸಾಧನ ಸಮಯ, ಕೋನವಲ್ಲ. ಆದರೆ ಹಾದಿ ಬೆಳೆಸುವ ಮೊದಲು ಕಂಟ್ರೋಲರ್ ಅನುಮತಿ ಪಡೆಯಬೇಕು, ಏಕೆಂದರೆ ಕಾಯ್ದಿಟ್ಟ ಆಕಾಶಕ್ಕೂ ಎಲ್ಲೆಯಿದೆ.

ಹಾದಿಯ ಉದ್ದಕ್ಕೇ ಬೀಸುವ ಗಾಳಿಯ ಪರಿಣಾಮ ಇನ್ನೂ ತೀವ್ರ. ಔಟ್‌ಬೌಂಡ್‌ನಲ್ಲಿ 60 ನಾಟ್ ಬೆನ್ನುಗಾಳಿ ಇದೆ ಎಂದುಕೊಂಡರೆ, ಎರಡು ತಿರುವುಗಳಲ್ಲೇ ವಿಮಾನ 3 ನಾಟಿಕಲ್ ಮೈಲಿ ಕೊಚ್ಚಿಹೋಗುತ್ತದೆ. ಗಾಳಿಯನ್ನು ಲೆಕ್ಕಿಸದೆ ಒಂದು ನಿಮಿಷ ಹೊರಗೆ ಹಾರಿದವರಿಗೆ ಮರಳಲು ಎರಡೂವರೆ ನಿಮಿಷ ಬೇಕು. ಇನ್‌ಬೌಂಡ್ ಒಂದು ನಿಮಿಷವೇ ಆಗಬೇಕೆಂದರೆ ಔಟ್‌ಬೌಂಡ್‌ಗೆ ಉಳಿಯುವುದು ಮೂರು ನಾಲ್ಕು ಸೆಕೆಂಡು ಮಾತ್ರ: ರೆಕ್ಕೆ ನೆಟ್ಟಗಾಗುವಷ್ಟರಲ್ಲಿ ಮತ್ತೆ ತಿರುಗಿಸಬೇಕು. ಅಮೆರಿಕದ ನಿಯಮ ಇಲ್ಲಿ ಗಟ್ಟಿ ಅಳತೆಯನ್ನಾದರೂ ಕೊಡುತ್ತದೆ. ಐಕಾವೊ ನಿಯಮ ದಿಕ್ಕಿನಲ್ಲೂ ಸಮಯದಲ್ಲೂ ಗಾಳಿಗೆ ತಕ್ಕ ತಿದ್ದುಪಡಿ ಮಾಡಿಕೊಳ್ಳಿ ಎಂದು ಹೇಳಿ ಸುಮ್ಮನಾಗುತ್ತದೆ. ಅನುಭವಿಗೆ ಇದು ಸ್ವಾತಂತ್ರ್ಯ, ಹೊಸಬನಿಗೆ ಗೊಂದಲ.

ಇಂದಿನ ಜೆಟ್‌ಗಳಲ್ಲಿ ಈ ಲೆಕ್ಕವನ್ನೆಲ್ಲ ಎಫ್‌ಎಂಎಸ್ ಎಂಬ ಗಣಕವೇ ಮಾಡುತ್ತದೆ. ತಾನು ಅಳೆದ ಗಾಳಿಯನ್ನು ಹಿಡಿದು ಹಾದಿ ರೂಪಿಸುತ್ತದೆ, ಆಟೋಪೈಲಟ್ ಅದನ್ನು ಅನುಸರಿಸುತ್ತದೆ. ಮನಸ್ಸಿನ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು. ಆದರೂ ಭೌತನಿಯಮ ಬದಲಾಗದು, ಓರೆಯ ಮಿತಿ ಗಣಕಕ್ಕೂ ಇದೆ. ಪರದೆಯ ಮೇಲೆ ಅಂದವಾಗಿ ಕಾಣುವ ಗೆರೆಯಿಂದ ವಿಮಾನ ತಿರುವಿನಲ್ಲಿ ಆಚೆ ಸರಿಯುತ್ತಿರುವುದನ್ನು ಗಮನಿಸಬೇಕಾದವರು ಪೈಲಟ್‌ಗಳೇ. ಕೆಳಹಂತಕ್ಕೆ ಇಳಿದಾಗ ಗಾಳಿಯೂ ಬೇರೆಯಾಗುವುದರಿಂದ ಹಿಂದಿನ ಸುತ್ತಿನ ಅಂದಾಜು ಉಪಯೋಗಕ್ಕೆ ಬಾರದು.

ಹೋಲ್ಡಿಂಗ್ ಪ್ರದೇಶಗಳ ವಿನ್ಯಾಸ ಮಾತ್ರ ಈ ವ್ಯವಸ್ಥೆಯ ಅತ್ಯಂತ ವಿವೇಕದ ಭಾಗ. ಸ್ಥಳೀಯ ಗಾಳಿಯ ಅಂಕಿಅಂಶ ಇಲ್ಲದಲ್ಲಿ, ಸಾವಿರ ಅಡಿಗಳಲ್ಲಿ ಅಳೆದ ಎತ್ತರದ ಎರಡರಷ್ಟಕ್ಕೆ 47 ಕೂಡಿಸಿದಷ್ಟು ನಾಟ್ ಗಾಳಿ ಯಾವ ದಿಕ್ಕಿನಿಂದಲೂ ಬೀಸಬಹುದೆಂದು ಐಕಾವೊ ಮಾನದಂಡ ಭಾವಿಸುತ್ತದೆ. 10,000 ಅಡಿಗೆ ಇದು 67 ನಾಟ್, 30,000 ಅಡಿಗೆ 107. ಪೈಲಟ್‌ನ ವಿಳಂಬಕ್ಕೂ ಉಪಕರಣದ ದೋಷಕ್ಕೂ ಜಾಗ ಬಿಟ್ಟು, ಅದರಾಚೆಗೆ ಐದು ಮೈಲಿ ಬಫರ್ ಸೇರಿಸುತ್ತಾರೆ. ಮೂರುಪಟ್ಟಿನ ಸೂತ್ರದ ಕೊರತೆ ಅಪಘಾತವಾಗಿ ಬದಲಾಗದಿರುವುದಕ್ಕೆ ಈ ಔದಾರ್ಯ ದೊಡ್ಡ ಕಾರಣ. ಚಳಿಗಾಲದ ಜೆಟ್ ಸ್ಟ್ರೀಮ್ 107 ನಾಟನ್ನೂ ಮೀರಬಲ್ಲದು, ಹಾಗಾಗಿ ಎತ್ತರದ ಹೋಲ್ಡಿಂಗ್‌ನಲ್ಲಿ ನೆಮ್ಮದಿ ಕಡಿಮೆ.

ಇಷ್ಟು ಕಷ್ಟಪಟ್ಟು ಸುತ್ತುವುದಕ್ಕೆ ಎಷ್ಟೋ ಸಲ ಗಾಳಿಯೇ ಕಾರಣ ಎಂಬುದಕ್ಕೆ ಲಂಡನ್ನಿನ ಹೀಥ್ರೂ ಒಳ್ಳೆಯ ನಿದರ್ಶನ. ಅಲ್ಲಿಗೆ ಬರುವ ವಿಮಾನಗಳು ಬೋವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗ್ಗಿನ್ ಹಿಲ್ ಎಂಬ ನಾಲ್ಕು ಕಡೆ, ಒಂದರ ಮೇಲೊಂದು 1,000 ಅಡಿ ಅಂತರದಲ್ಲಿ ಕಾಯುತ್ತವೆ. ಇಳಿಯುವ ವಿಮಾನಗಳ ನಡುವಿನ ಅಂತರವನ್ನು ಮೈಲಿಗಳಲ್ಲಿ ಅಳೆಯುತ್ತಿದ್ದಾಗ, 4 ನಾಟಿಕಲ್ ಮೈಲಿ ದಾಟಲು 140 ನಾಟ್‌ನಲ್ಲಿ ಹಿಡಿಯುವ 103 ಸೆಕೆಂಡು, 40 ನಾಟ್ ಎದುರುಗಾಳಿಯಲ್ಲಿ 144 ಸೆಕೆಂಡಾಗುತ್ತಿತ್ತು. ರನ್‌ವೇ ಸುಮ್ಮನೆ ಖಾಲಿ ಇರುತ್ತಿತ್ತು, ಮೇಲೆ ಸಾಲು ಬೆಳೆಯುತ್ತಿತ್ತು. 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ ವಾಯುಸಂಚಾರ ಸಂಸ್ಥೆ ನ್ಯಾಟ್ಸ್ ಅಲ್ಲಿ ಅಂತರವನ್ನು ಸಮಯದಲ್ಲಿ ಅಳೆಯತೊಡಗಿತು. ಎದುರುಗಾಳಿ ಹೆಚ್ಚಿದಂತೆ ಮೈಲಿಗಳ ಅಂತರವನ್ನು ಕಿರಿದು ಮಾಡಿತು. ಕಾಕ್‌ಪಿಟ್‌ನ ಕೌಶಲ ಎಷ್ಟೇ ಹೆಚ್ಚಿದರೂ ಸಿಗದ ಲಾಭವಿದು. ಮಂಜು, ಗುಡುಗುಮಳೆ, ಮುಚ್ಚಿದ ರನ್‌ವೇಗಳಿಂದಾಗುವ ಕಾಯುವಿಕೆಗೆ ಇದರಲ್ಲಿ ಪರಿಹಾರವಿಲ್ಲ. ಅಂಥ ಹೊತ್ತಿನಲ್ಲಿ ಸುತ್ತು ಹಾಕುವುದು, ಸೆಕೆಂಡು ಎಣಿಸುವುದು, ಇಂಧನದ ಮೇಲೆ ಕಣ್ಣಿಡುವುದು ಇಂದಿಗೂ ಪೈಲಟ್‌ಗಳ ಪಾಲಿಗೇ ಇದೆ.