ಯಮುನೆಯ ದಿಗಿಲು, ಗುಡಿಸಲಿನ ಅಂಜಿಕೆ

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಎಂ.ಎ. ಓದುವಾಗ, ತರಗತಿಯ ಕತ್ತಲಲ್ಲಿ. ಎರಡನೇ ಸಲ ಹೆಗ್ಗರಣೆ ಹತ್ತಿರದ ನಮ್ಮ ಕೇರಿಯಲ್ಲಿ, ಅಡಿಕೆ ಸುಲಿದು ಕೈಬೆರಳೆಲ್ಲ ಕಪ್ಪಾಗಿದ್ದ ಅವ್ವ ಮತ್ತು ಅವಳ ಜೊತೆಯ ಇಬ್ಬರು ಹೆಂಗಸರ ನಡುವೆ ಕೂತು, ನನ್ನ ಲ್ಯಾಪ್‌ಟಾಪಿನಲ್ಲಿ. ಮೊದಲ ಸಲ ಅತ್ತಿದ್ದೆ. ಎರಡನೇ ಸಲ ಅಳಲಿಕ್ಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅನಂತಮೂರ್ತಿಯವರ ಕತೆಯನ್ನು ಆಧರಿಸಿದ ಈ ಚಿತ್ರ ಬಂದದ್ದು 1977ರಲ್ಲಿ. ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟಿನಿಂದ ಆಗಷ್ಟೇ ಹೊರಬಂದಿದ್ದ ಹುಡುಗನ ಮೊದಲ ಕಥಾಚಿತ್ರ. ರಂಗಭೂಮಿಯ ಸದಾನಂದ ಸುವರ್ಣ ನಿರ್ಮಾಪಕರು. ಕಪ್ಪುಬಿಳುಪು, ಸಣ್ಣ ಬಜೆಟ್ಟು, ತಾರೆಯರಿಲ್ಲ, ಹಾಡಿಲ್ಲ. ಆ ವರ್ಷದ ಸ್ವರ್ಣಕಮಲ ಇದಕ್ಕೇ ಬಂತು. 2024ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿಯನ್ನು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂದರೆ ಸುಮಾರು ಅರ್ಧ ಶತಮಾನದಿಂದ ಒಬ್ಬ ಬ್ರಾಹ್ಮಣ ಬಾಲವಿಧವೆಯ ದಿಗಿಲು ಲೋಕದ ಮುಂದೆ ಮತ್ತೆ ಮತ್ತೆ ಬಂದು ನಿಲ್ಲುತ್ತಿದೆ. ನಿಲ್ಲಬೇಕಾದದ್ದೇ, ಅದರಲ್ಲಿ ನನ್ನ ತಕರಾರಿಲ್ಲ.

ಚಿತ್ರ ಹೆಣ್ಣಿನ ಭಯವನ್ನು ಹಿಡಿದಿರುವ ರೀತಿಯನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು. ವೇದಪಾಠಶಾಲೆಯ ಉಡುಪರ ಮಗಳು ಯಮುನಾ. ಗಂಡ ಸತ್ತವಳು, ಶಾಲಾಮಾಸ್ತರನಿಂದ ಬಸಿರಾದವಳು. ಅಪ್ಪ ಊರಲ್ಲಿಲ್ಲ. ಮನೆ ತುಂಬ ದೊಡ್ಡ ಹುಡುಗರು, ಪಕ್ಕದ ಮನೆಯ ಗೋದಾವರಮ್ಮನ ಕಣ್ಣು. ಅವಳ ಪಾಲಿಗೆ ಇರುವವನು ನಾಣಿ ಎಂಬ ಪುಟ್ಟ ಮಾಣಿ ಒಬ್ಬನೇ. ಮೀನಾ ಕುಟ್ಟಪ್ಪ ಆ ಪಾತ್ರದಲ್ಲಿ ಹೆಚ್ಚು ಮಾತಾಡುವುದಿಲ್ಲ. ನಿಲ್ಲುವುದು, ತಿರುಗುವುದು, ಬಾಗಿಲ ಕಡೆ ನೋಡುವುದು, ಇಷ್ಟರಲ್ಲೇ ದಿಗಿಲು ಹಬ್ಬುತ್ತದೆ. ಹುತ್ತಕ್ಕೆ ಕೈ ಹಾಕಿ ಹಾವಿನಿಂದ ಸಾವು ಬೇಡುವ ಸನ್ನಿವೇಶವನ್ನು ನೋಡಿದವರು ಮರೆಯಲಾರರು. ಎಸ್. ರಾಮಚಂದ್ರರ ಕ್ಯಾಮೆರಾ ಕತ್ತಲನ್ನು ಬಳಸಿದ ಹಾಗೆ ನಮ್ಮ ಕಡೆಯ ಮಳೆಗಾಲದ ಮನೆಗಳನ್ನು ಬಲ್ಲವರಷ್ಟೇ ಬಳಸಬಲ್ಲರು. ಶಿರಸಿ, ಸಿದ್ದಾಪುರದ ಕಡೆ ಹಳೆಯ ಅಂಕಣದ ಮನೆಯೊಳಗೆ ಹಗಲಲ್ಲೂ ದೀಪ ಬೇಕು. (ಆ ಮನೆಗಳ ಒಳಗನ್ನು ನಾನು ಕಂಡದ್ದು ಕಾಲೇಜಿಗೆ ಸೇರಿದ ಮೇಲೆ, ಗೆಳತಿಯೊಬ್ಬಳ ಜೊತೆ. ಅಲ್ಲಿತನಕ ಅಂಗಳದ ತುದಿಯೇ ನಮ್ಮ ಗಡಿ.)

ಈಗ ಎರಡನೇ ಸಲದ ಮಾತು.

ಮಾಸ್ತರ ಯಮುನೆಯನ್ನು ರಾತ್ರಿ ಅಗ್ರಹಾರದ ಎಲ್ಲೆ ದಾಟಿಸುತ್ತಾನೆ. ಗರ್ಭಪಾತ ನಡೆಯುವುದು ಆಚೆ, ಮುಟ್ಟಬಾರದವರ ಗುಡಿಸಲ ಕಡೆ. ನಾಣಿ ಕತ್ತಲಲ್ಲಿ ಹೆದರಿ ನಡುಗುತ್ತಾನೆ. ಕುಡಿತ, ಬೆಂಕಿಯ ಬೆಳಕು, ವಾದ್ಯದ ಬಡಿತ. ಇದು ಚಿತ್ರದ ಅತ್ಯಂತ ಪ್ರಬಲ ಭಾಗವೆಂದು ಎಲ್ಲರೂ ಹೇಳುತ್ತಾರೆ. ಬಿ.ವಿ. ಕಾರಂತರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದೂ ಈ ಚಿತ್ರಕ್ಕೇ. ಅದನ್ನು ನೋಡುತ್ತಿದ್ದಂತೆ ಅವ್ವನ ಜೊತೆಯವಳು ಕೇಳಿದಳು:

‘ಆ ಗುಡ್ಸಲಲ್ಲಿ ಇದ್ದೋರನ್ನ ಯಾರೂ ಹಿಡ್ಕಂಡು ಬಡೀಲಿಲ್ವೇನೇ?’

ನಾನು ಬೆಪ್ಪಾದೆ. ಎಂ.ಎ. ತರಗತಿಯಲ್ಲಿ ಈ ಚಿತ್ರದ ಬಗ್ಗೆ ಎರಡು ಗಂಟೆ ಚರ್ಚೆ ನಡೆದಿತ್ತು. ಸಂಪ್ರದಾಯ, ಆಧುನಿಕತೆ, ಮುಗ್ಧತೆಯ ನಾಶ, ಹೆಣ್ಣಿನ ದೇಹ ಎಲ್ಲವೂ ಬಂದಿತ್ತು. ಈ ಪ್ರಶ್ನೆ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡುವುದು. ಅಗ್ರಹಾರದ ಹೆಣ್ಣೊಬ್ಬಳ ಬಸಿರು ನಮ್ಮ ಗುಡಿಸಲಲ್ಲಿ ಇಳಿಯಿತು ಎಂದು ಗೊತ್ತಾದರೆ ಬೆಳಗಾಗುವುದರೊಳಗೆ ಏನಾಗುತ್ತದೆ ಎಂಬುದು ಆ ಹೆಂಗಸಿಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ಅವಳಿಗೆ ಯಮುನೆಯ ಮೇಲೆ ಕನಿಕರವಿತ್ತು. ಆದರೆ ಅಂಜಿಕೆ ಹುಟ್ಟಿದ್ದು ಗುಡಿಸಲಿನವರ ಸಲುವಾಗಿ.

ಚಿತ್ರ ಆ ಬೆಳಗನ್ನು ತೋರಿಸುವುದಿಲ್ಲ. ಕ್ಯಾಮೆರಾ ಯಮುನೆಯ ಜೊತೆ ಬರುತ್ತದೆ, ಅವಳ ಜೊತೆಯೇ ವಾಪಸ್ಸು ಹೋಗುತ್ತದೆ. ಗುಡಿಸಲು ಒಂದು ರಾತ್ರಿಯ ಮಟ್ಟಿಗೆ ಭಯದ ಹಿನ್ನೆಲೆಯಾಗಿ ಬಂದು ಕತ್ತಲಲ್ಲಿ ಉಳಿದುಬಿಡುತ್ತದೆ. ಕಥೆಯೆಲ್ಲ ಬ್ರಾಹ್ಮಣ ಹುಡುಗನ ಕಣ್ಣಿನಿಂದ ಕಾಣುವುದರಿಂದ ಹೀಗಾಗಿದೆ ಎಂದು ಸಮರ್ಥಿಸಬಹುದು. ಸರಿಯೇ. ಆದರೆ ಅಗ್ರಹಾರದ ಒಳಗೆ ನಾಣಿಯ ಕಣ್ಣು ಏನನ್ನು ಕಂಡರೂ ನಾವು ಅದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುವ ಹಾಗೆ ಕಾಸರವಳ್ಳಿ ದೃಶ್ಯಗಳನ್ನು ಕಟ್ಟಿದ್ದಾರೆ. ಹುಡುಗನಿಗೆ ತಿಳಿಯದ್ದು ನೋಡುವವರಿಗೆ ತಿಳಿಯುತ್ತದೆ. ಗುಡಿಸಲ ಹತ್ತಿರ ಮಾತ್ರ ಈ ಅಂತರ ಮಾಯವಾಗುತ್ತದೆ, ಅಲ್ಲಿ ಹುಡುಗನ ಹೆದರಿಕೆಯೇ ಚಿತ್ರದ ಹೆದರಿಕೆ. ಅಗ್ರಹಾರವನ್ನು ಇಷ್ಟು ನಿರ್ದಯವಾಗಿ ಟೀಕಿಸುವ ಚಿತ್ರ, ಕೇರಿಗೆ ಹೋಗುವಾಗ ಅಗ್ರಹಾರದ ಕಿವಿಯನ್ನೇ ಇಟ್ಟುಕೊಂಡು ಹೋಗುತ್ತದೆ. ಆ ಸದ್ದು ನಮಗೆ ಮದುವೆಯದ್ದು, ಜಾತ್ರೆಯದ್ದು, ಹೆಣ ಎತ್ತುವಾಗಿನದ್ದು. ಅದರಲ್ಲಿ ಹೆದರಿಸುವಂಥದು ಎಂತದೂ ಇಲ್ಲ.

ಇಲ್ಲಿ ಅಂಬೇಡ್ಕರರ ಮಾತು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1916ರಲ್ಲಿ ಕೊಲಂಬಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಂಡಿಸಿದ ಪ್ರಬಂಧದಲ್ಲಿ ಅವರು ಜಾತಿಯ ಬೇರನ್ನು ಒಳಮದುವೆಯಲ್ಲಿ ಕಂಡರು. ಗುಂಪು ತನ್ನೊಳಗೇ ಮದುವೆಯಾಗಬೇಕೆಂದರೆ ಗಂಡು ಹೆಣ್ಣಿನ ಲೆಕ್ಕ ಸರಿಯಿರಬೇಕು. ಗಂಡ ಸತ್ತ ಹೆಣ್ಣು ಹೆಚ್ಚುವರಿ. ಅವಳನ್ನು ಚಿತೆಗೆ ಹಾಕು, ಇಲ್ಲವೇ ಕಡ್ಡಾಯ ವೈಧವ್ಯದಲ್ಲಿ ಕೂರಿಸು. ಹೆಂಡತಿ ಸತ್ತ ಗಂಡೂ ಹೆಚ್ಚುವರಿಯೇ. ಆದರೆ ಅವನನ್ನು ಸುಡುವಂತಿಲ್ಲ, ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಕೊಡು. ‘ಘಟಶ್ರಾದ್ಧ’ದ ಕೊನೆಯನ್ನು ಈ ಬೆಳಕಲ್ಲಿ ನೋಡಬೇಕು. ಮಗಳು ಬದುಕಿರುವಾಗಲೇ ಉಡುಪ ಅವಳ ಶ್ರಾದ್ಧ ಮಾಡುತ್ತಾನೆ, ಘಟ ಒಡೆಯುತ್ತದೆ, ಅವಳ ತಲೆ ಬೋಳಾಗುತ್ತದೆ; ಅದೇ ಉಡುಪ ಚಿಕ್ಕ ಹುಡುಗಿಯನ್ನು ಮದುವೆಯಾಗಲಿದ್ದಾನೆ ಎಂಬ ಸುದ್ದಿಯೂ ಬರುತ್ತದೆ. ಅಂಬೇಡ್ಕರರ ಸೂತ್ರದ ಎರಡೂ ತುದಿ ಒಂದೇ ಮನೆಯಲ್ಲಿ! ಕೇರಳದಲ್ಲಿ 1905ರ ತಾತ್ರಿಯ ವಿಚಾರಣೆಯಲ್ಲಿ ಆ ನಂಬೂದಿರಿ ಹೆಣ್ಣು ಒಬ್ಬೊಬ್ಬ ಗಂಡಸಿನ ಹೆಸರನ್ನೂ ಹೇಳಿ 60ಕ್ಕೂ ಹೆಚ್ಚು ಜನರಿಗೆ ಬಹಿಷ್ಕಾರ ಹಾಕಿಸಿದಳು. ಯಮುನೆಗೆ ಆ ಅವಕಾಶವೂ ಇಲ್ಲ, ಮಾಸ್ತರ ಓಡಿಹೋಗಿರುತ್ತಾನೆ.

ಆದರೆ ಒಳಮದುವೆಯ ಈ ಕೋಟೆ ಬಿರುಕು ಬಿಟ್ಟಾಗ ಅದರ ಕಸ ಬಳಿಯುವವರು ಯಾರು? ಕೋಟೆಯ ಹೊರಗಿನವರು. ಸೂತಕದ ಕೆಲಸ, ಸತ್ತ ದನದ ಕೆಲಸ, ಈ ಬಸಿರಿನ ಕೆಲಸ. ಇದನ್ನು ಹೇಳಿದರೆ ಸಹೋದ್ಯೋಗಿಗಳು, ‘ಇದು ಹೆಣ್ಣಿನ ಸಿನಿಮಾ, ಇದರಲ್ಲೂ ಜಾತಿ ತರ್ತೀರಲ್ಲ’ ಅನ್ನುತ್ತಾರೆ. ಒಬ್ಬರು ನನ್ನೆದುರೇ ಅಂದರು. ಯಮುನೆ ಬೋಳುತಲೆಯಲ್ಲಿ ಮರದಡಿ ಕೂತಿರುವುದೇ ಜಾತಿಯಿಂದ ಎಂದು ನಾನು ಅಂದೆ. ಅವರು ಚಹಾ ಕುಡಿಯಲು ಎದ್ದರು.

ನವ್ಯದ ಕಾಲದಿಂದ ‘ಆತಂಕ’, ‘ತಬ್ಬಲಿತನ’, ‘ಅನಾಥಪ್ರಜ್ಞೆ’ ಎಂಬ ಮಾತುಗಳು ನಮ್ಮ ವಿಮರ್ಶೆಯಲ್ಲಿ ಬೆಲೆಯುಳ್ಳ ನಾಣ್ಯಗಳಾಗಿವೆ. ಅವು ಸುಳ್ಳೆಂದು ನಾನು ಹೇಳಲಾರೆ. ಆದರೆ ಆತಂಕಪಡಲು ಕಳೆದುಕೊಳ್ಳುವಂಥದ್ದು ಏನಾದರೂ ಇರಬೇಕಷ್ಟೆ: ಮನೆ, ಮಾನ, ಕುಲ, ಶ್ರಾದ್ಧ ಮಾಡುವಷ್ಟಾದರೂ ಲೆಕ್ಕಕ್ಕಿದ್ದ ಒಂದು ಜೀವ. ‘ಘಟಶ್ರಾದ್ಧ’ಕ್ಕಿಂತ ಎರಡು ವರ್ಷ ಮೊದಲು, 1975ರಲ್ಲಿ, ಇದೇ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ನಿರ್ದೇಶಿಸಿದ್ದರು. ಅಲ್ಲಿ ಬೆಳ್ಳಿ ಇದ್ದಾಳೆ. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ, ಅಲ್ಲಿ ತನ್ನ ದೇಹದಿಂದ ಆ ಸಾಲ ಹರಿಸಿಕೊಂಡು ಬರುವವಳು. ಪದ್ಮಾ ಕುಮಟಾ ಆ ಪಾತ್ರ ಮಾಡಿದ್ದಾರೆ. ಯಮುನೆಗೂ ಬೆಳ್ಳಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಾರದು. ಇಬ್ಬರೂ ಗಂಡಸರಿಂದ ಮೋಸಹೋದವರು, ಇಬ್ಬರನ್ನೂ ಅಪ್ಪಂದಿರೇ ಹೊರಹಾಕುತ್ತಾರೆ. ಆದರೆ ಯಮುನೆಯ ಒಳಮನಸ್ಸಿಗೆ ಇಡೀ ಒಂದು ಚಿತ್ರ ಸಿಕ್ಕಿತು. ಬೆಳ್ಳಿಯ ದಿಗಿಲು ಚೋಮನ ದುರಂತದ ಒಂದು ಅಧ್ಯಾಯವಾಯಿತು. ತೋಟದಿಂದ ಮನೆಗೆ ಬರುವ ದಾರಿಯಲ್ಲಿ ಬೆಳ್ಳಿ ಏನು ಯೋಚಿಸಿದಳು? ಕನ್ನಡ ಸಿನಿಮಾ ಅವಳ ಪಕ್ಕ ಅಷ್ಟು ದೂರ ನಡೆಯಲಿಲ್ಲ.

ಇಲ್ಲಿ ನಮ್ಮ ಊರಿನ ಮಾತೊಂದು ಹೇಳಬೇಕು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಹಕ್ಕು ತೋಟದವರದ್ದು, ಸೊಪ್ಪು ಕಡಿದು ಹೊರೆ ಹೊತ್ತು ಇಳಿಯುವ ತಲೆ ಹೆಚ್ಚಾಗಿ ನಮ್ಮಂಥವರ ಹೆಂಗಸರದ್ದು. ನಸುಕಿನಲ್ಲಿ ಒಬ್ಬಳೇ ಬೆಟ್ಟ ಹತ್ತುವಾಗ ಹೆಂಗಸಿಗೆ ಆಗುವ ಅಂಜಿಕೆ ಇದೆಯಲ್ಲ, ಹಾವಿನದ್ದಲ್ಲ, ಹಂದಿಯದ್ದೂ ಅಲ್ಲ, ಅದಕ್ಕೆ ನಮ್ಮಲ್ಲಿ ಹೆಸರಿಲ್ಲ. ‘ಜೋಡಿ ಇಲ್ದೇ ಹೋಗ್ಬ್ಯಾಡ’ ಅನ್ನುತ್ತಾರೆ, ಅಷ್ಟೇ. ಹೊರೆ ಎರಡಾಗಬೇಕಾದ್ದರಿಂದ ಆ ಅಂಜಿಕೆಯನ್ನು ಕೂತು ಅನುಭವಿಸಲು ಪುರುಸೊತ್ತಿರುವುದಿಲ್ಲ.

ಈಚಿನದೊಂದು ಚಿತ್ರವನ್ನೂ ನೆನೆಯಬೇಕು, ಪೃಥ್ವಿ ಕೊಣನೂರರ ‘ಹದಿನೇಳೆಂಟು’. 2022ರಲ್ಲಿ ಬೂಸಾನ್‌ಗೆ ಹೋಯಿತು, ಗೋವೆಯಲ್ಲಿ ಇಂಡಿಯನ್ ಪನೋರಮಾದ ಆರಂಭದ ಚಿತ್ರವಾಯಿತು. ಇದೂ ಸಣ್ಣ ದುಡ್ಡಿನ ಸ್ವತಂತ್ರ ಚಿತ್ರವೇ. ಪಿಯುಸಿ ಓದುವ ದೀಪಾ ಮತ್ತು ಹರಿ ತರಗತಿಯಲ್ಲಿ ತಮ್ಮ ಖಾಸಗಿ ಗಳಿಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ, ಅದು ಅಂತರ್ಜಾಲಕ್ಕೆ ಹೋಗುತ್ತದೆ. ಹುಡುಗ ಮೇಲ್ಜಾತಿ, ಹುಡುಗಿ ಕೆಳಜಾತಿ. ಶೆರ್ಲಿನ್ ಭೋಸಲೆಯ ದೀಪಾಳಲ್ಲಿ ಯಮುನೆಯ ದಿಗಿಲು ಕೊನೆಗೂ ನಮ್ಮ ಕಡೆಯ ಹುಡುಗಿಯೊಬ್ಬಳ ಮುಖಕ್ಕೆ ಬಂದಿತು ಅನ್ನಿಸಿತು. ಅಗ್ರಹಾರದ ಜಾಗದಲ್ಲಿ ಕಾಲೇಜು, ಘಟದ ಜಾಗದಲ್ಲಿ ಶಿಸ್ತುಕ್ರಮ. ಸ್ಟಾಫ್‌ರೂಮಿನ ಮೇಜಿನ ಈಚೆ ಕೂರುವ ನನ್ನಂಥವಳಿಗೆ ಆ ದೃಶ್ಯಗಳು ಬಹಳ ಹಿಂಸೆ ಕೊಟ್ಟವು. ಅಂಥ ಮೇಜಿನ ಆಚೆ ನಿಂತವಳೂ ನಾನೇ, ಸ್ಕಾಲರ್‌ಶಿಪ್ಪಿನ ಅರ್ಜಿ ಹಿಡಿದುಕೊಂಡು. ಜಾತಿಯನ್ನು ಗಟ್ಟಿಯಾಗಿ ಓದಿ ಹೇಳು ಅಂದಿದ್ದರು. ಅದಿರಲಿ. ‘ಹದಿನೇಳೆಂಟು’ವಿನಲ್ಲಿ ಕುಟುಂಬಕ್ಕೂ ಮಾತಿದೆ, ಹುಡುಗಿಗೂ ಮನಸ್ಸಿದೆ. ‘ಘಟಶ್ರಾದ್ಧ’ದ ಕಲಾತ್ಮಕ ಬಿಗಿ ಅದಕ್ಕಿಲ್ಲ, ಮಾತು ಹೆಚ್ಚಾಯಿತು ಅನ್ನಿಸಿದ ಕಡೆಗಳೂ ಇವೆ. ಆದರೂ ನನ್ನ ವಿದ್ಯಾರ್ಥಿನಿಯರಿಗೆ ಮೊದಲು ತೋರಿಸುವುದಾದರೆ ಅದನ್ನೇ ತೋರಿಸುತ್ತೇನೆ. ‘ಘಟಶ್ರಾದ್ಧ’ ಆಮೇಲೆ, ಗುಡಿಸಲಿನ ಪ್ರಶ್ನೆಯ ಜೊತೆ.

ಅವತ್ತು ಚಿತ್ರ ಮುಗಿಯುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುತ್ತಾನೆ, ದಾರಿಯಲ್ಲಿ ಮರದ ಕೆಳಗೆ ಯಮುನೆ ಕೂತಿರುತ್ತಾಳೆ. ಅವಳು ಎಲ್ಲಿಗೆ ಹೋದಳೆಂದು ಚಿತ್ರ ಹೇಳುವುದಿಲ್ಲ. ಅಗ್ರಹಾರದವಳಲ್ಲ, ಕೇರಿಯವಳೂ ಅಲ್ಲ. ನಾನು ಅವ್ವನನ್ನು ಕೇಳಿದೆ, ನಮ್ಮ ಕೇರಿಗೆ ಬಂದಿದ್ದರೆ?

‘ಬಂದಿದ್ರೆ ಗಂಜಿ ಹಾಕ್ತಿದ್ವಪ್ಪ, ಹಸ್ದೋರಿಗೆ ಇಲ್ಲ ಅನ್ನೋಕ್ಕಾಗ್ತದಾ?’ ಅಂದಳು ಅವ್ವ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವ್ಳು ಉಣ್ತಿದ್ಲಾ?’ ಅಂತ ನನ್ನನ್ನೇ ಕೇಳಿದಳು.