ಮೂಲೆಯಲ್ಲಿ ನಿಂತ ವೇಷವನ್ನೂ ಕಾಣಿ

ಜಪಾನಿನ ಮಂಗಾ ಓದುವ ಹುಡುಗರು ಈಗ ಕುಂದಾಪುರದಲ್ಲೂ ಇದ್ದಾರೆ. 1997ರಲ್ಲಿ ಶುರುವಾದ ‘ಒನ್ ಪೀಸ್’ನಂಥ ಸಾಹಸಕಥೆಯ ರುಚಿ ಹತ್ತಿದವರಿಗೆ ಇದು ಗೊತ್ತು: ಬಡಿದಾಟದ ನಡುವೆ ಒಮ್ಮೆಗೇ ಮಾತಿಲ್ಲದ ಒಂದು ಚೌಕಟ್ಟು ಬರುತ್ತದೆ. ಅದರಲ್ಲಿ ನಾಯಕನಿಲ್ಲ, ಅವನನ್ನು ನೋಡುತ್ತ ನಿಂತ ಯಾರೋ ಬಡಪಾಯಿಯ ಮುಖ. ಕಣ್ಣು ಅಲ್ಲೇ ನಿಲ್ಲಲಿ ಎಂದು ಚಿತ್ರಗಾರನೇ ಗೆರೆ ಎಳೆದಿರುತ್ತಾನೆ. ಯಕ್ಷಗಾನ ಬಯಲಾಟದಲ್ಲೂ ಅಂಥ ಗಳಿಗೆಗಳಿವೆ, ಆದರೆ ಗೆರೆ ಎಳೆದುಕೊಳ್ಳುವ ಕೆಲಸ ನೋಡುವವರದ್ದು. ರಂಗಸ್ಥಳದಲ್ಲಿ ಎಲ್ಲರೂ ಒಟ್ಟಿಗೇ ಕಾಣುತ್ತಾರೆ. ಮುಂಡಾಸಿನ ವೇಷ ಗಿರಕಿ ಹೊಡೆಯುವಾಗ ಮೂಲೆಯಲ್ಲಿ ನಿಂತವನ ಬೆರಗು ಯಾರಿಗೂ ಕಾಣದೆ ಹೋದೀತು.

ಹೊಸಬರಾದರೆ ಮೊದಲು ಕುಂದಾಪುರದ ಪಕ್ಕದ ಉಪ್ಪಿನಕುದ್ರುವಿನ ಗೊಂಬೆಯಾಟ ನೋಡಿ ಎನ್ನುತ್ತೇನೆ. ಕೊಗ್ಗ ಕಾಮತರ ಮನೆತನದ ಆ ಸೂತ್ರದ ಗೊಂಬೆಗಳು ಯಕ್ಷಗಾನದ ಬಡಗುತಿಟ್ಟಿನ ವೇಷವನ್ನೇ ತೊಟ್ಟಿವೆ, ಪದ್ಯವೂ ಅದೇ. ಮರದ ಮುಖಕ್ಕೆ ಹುಬ್ಬು ಏರಿಸಲು ಬಾರದು, ಕಣ್ಣರಳಿಸಲು ಬಾರದು. ಆದರೂ ಗೊಂಬೆ ಬೆರಗಾದದ್ದು ನಮಗೆ ತಿಳಿಯುತ್ತದೆ. ಹೇಗೆ? ನಡೆಯುತ್ತಿದ್ದದ್ದು ನಿಲ್ಲುತ್ತದೆ, ಎತ್ತಿದ ಕೈ ಇಳಿಯುವುದಿಲ್ಲ, ತಲೆ ತುಸು ತಡವಾಗಿ ತಿರುಗುತ್ತದೆ. ಆ ತಡವೇ ಬೆರಗು. ಭರತನ ನಾಟ್ಯಶಾಸ್ತ್ರ ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಯಾಗಿ ಹೇಳಿ, ಮೈ ಮರಗಟ್ಟುವ ಸ್ತಂಭವನ್ನು ಸಾತ್ವಿಕ ಭಾವಗಳಲ್ಲಿ ಎಣಿಸಿದೆ. ಅದನ್ನು ಓದಿ ತಿಳಿಯುವುದಕ್ಕಿಂತ ಗೊಂಬೆ ನೋಡಿ ತಿಳಿಯುವುದು ಸುಲಭ.

ಆಮೇಲೆ ‘ಚಂದ್ರಹಾಸ ಚರಿತ್ರೆ’ ಎಲ್ಲಿ ಆಡುತ್ತಾರೆಂದು ಹುಡುಕಿ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಈ ಕಥೆಯಲ್ಲಿ ಅನಾಥ ಹುಡುಗನೊಬ್ಬ ಕೊಲೆಯ ಸಂಚುಗಳನ್ನೆಲ್ಲ ದಾಟಿ ಅರಸನಾಗುತ್ತಾನೆ. ಕಣ್ಣು ಪಳಗಿಸಿಕೊಳ್ಳಲು ಮಂತ್ರಿ ದುಷ್ಟಬುದ್ಧಿಯ ಮಗಳು ವಿಷಯೆಯ ದೃಶ್ಯ ಒಳ್ಳೆಯದು. ಉದ್ಯಾನದಲ್ಲಿ ಚಂದ್ರಹಾಸ ಮಲಗಿ ನಿದ್ದೆ ಹೋಗಿದ್ದಾನೆ. ನಾಯಕನೇ ನಿದ್ದೆ ಹೋದ ಮೇಲೆ ನೀವು ನೋಡಬೇಕಾದದ್ದು ಅವಳನ್ನೇ. ಅವನ ಬಳಿಯಿರುವ, ಅವನನ್ನೇ ಕೊಲ್ಲಿಸಲು ಮಂತ್ರಿ ಬರೆದ ಪತ್ರಕ್ಕೆ ಅವಳು ಕೂಡಲೇ ಕೈಹಾಕಿದರೆ ಕಥೆ ಮುಂದೆ ಹೋಯಿತು, ಅಷ್ಟೆ. ಒಳ್ಳೆಯ ಸ್ತ್ರೀವೇಷಧಾರಿ ಮೊದಲು ಅವನನ್ನು ನೋಡುತ್ತಾನೆ, ಹೆಜ್ಜೆ ಹಿಂದಿಡುತ್ತಾನೆ, ಮತ್ತೆ ನೋಡುತ್ತಾನೆ. ಪತ್ರ ಕಣ್ಣಿಗೆ ಬೀಳುವುದು ಆಮೇಲೆ.

ನಿಜವಾದ ಪರೀಕ್ಷೆ ಕಟುಕರದ್ದು. ದುಷ್ಟಬುದ್ಧಿಯ ಅಪ್ಪಣೆಯಂತೆ, ಬಾಲಕನಾಗಿದ್ದ ಚಂದ್ರಹಾಸನನ್ನು ಕೊಲ್ಲಲು ಕಾಡಿಗೆ ಒಯ್ದವರು ಅವರು. ಕೊನೆಗೆ ಕೊಲ್ಲಲಾರದೆ ಅವನ ಕಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ಗುರುತಿಗೆಂದು ಒಯ್ಯುತ್ತಾರೆ. ಹೆಸರೂ ಇಲ್ಲದ ಪಾತ್ರ. ಹಾಸ್ಯಗಾರರ ಪಾಲಿಗೆ ಬಂದರೆ ಜನ ಆಗಲೇ ನಗುತ್ತ ಕೂತಿರುತ್ತಾರೆ. ಇಲ್ಲಿ ಕಿವಿಯನ್ನು ಹಿಮ್ಮೇಳಕ್ಕೆ ಕೊಡಿ. ಗದ್ದಲಕ್ಕೆ ಚಂಡೆ ಬೇಕು. ಹುಡುಗ ದೇವರನ್ನು ನೆನೆಯುವ ಪದ್ಯಕ್ಕೆ ಚಂಡೆ ನಿಂತು ಮದ್ದಳೆಯೊಂದೇ ಉಳಿದರೆ, ಅಲ್ಲಿಂದ ಹುಡುಗನನ್ನು ಬಿಟ್ಟುಬಿಡಿ. ಪದ್ಯ ಅವನದ್ದು, ಆದರೆ ದೃಶ್ಯ ಕತ್ತಿ ಹಿಡಿದವನದ್ದು. ಮಾತಾಡುವ ಕಟುಕನನ್ನೂ ಬಿಡಿ, ಸುಮ್ಮನಿರುವ ಇನ್ನೊಬ್ಬನನ್ನು ಕಾಣಿ. ಕತ್ತಿ ಎಲ್ಲಿದೆ? ಕಾಲು ತಾಳಕ್ಕೆ ಸಿಕ್ಕಿದೆಯೋ, ತಾಳವನ್ನೇ ಮರೆತಿದೆಯೋ? ಪದ್ಯದ ಮುಕ್ತಾಯ ಆದಮೇಲೂ ಅವನು ಅರ್ಥ ಹೇಳಲು ಹೊರಡದೆ ಒಂದು ಉಸಿರು ತಡೆದನೆಂದರೆ, ನೋಡಲು ಬಂದದ್ದು ಸಿಕ್ಕಿತು.

ಆ ಉಸಿರಿಗೆ ಪದ್ಯ ಹಾಡುವ ಭಾಗವತರು ಜಾಗ ಕೊಡಬೇಕು, ಅದೂ ನೆನಪಿರಲಿ. ಆಲಾಪನೆಯನ್ನು ಒಂದು ಎಳೆ ಹೆಚ್ಚು ಎಳೆಯುವುದು ಬರೀ ಕಂಠದ ಬಲ ತೋರಿಸಲಿಕ್ಕಲ್ಲ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿಯ ಭಾಗವತ ಕಾಳಿಂಗ ನಾವಡರ ಹಳೆಯ ಧ್ವನಿಸುರುಳಿಗಳನ್ನು ಕೇಳುವಾಗ, ಈ ಎಳೆತದ ಹೊತ್ತಿಗೆ ಎದುರಿನ ವೇಷ ಏನು ಮಾಡುತ್ತಿದ್ದಿರಬಹುದೆಂದು ಊಹಿಸಿ ನೋಡಿ. ಇದು ಒಳ್ಳೆಯ ಅಭ್ಯಾಸ.

ನನ್ನ ತಕರಾರೊಂದಿದೆ. ಕಾಲಮಿತಿಯ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಜಾಗಕ್ಕೆ. ಉಳಿದರೂ, ಬೆರಗು ಮೂಡುತ್ತಿದ್ದಂತೆ ಕಟುಕ ಒಂದು ಚಟಾಕಿ ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ತಪ್ಪು ಅವನೊಬ್ಬನದ್ದಲ್ಲ ಮರಾಯ್ರೆ. ಮೊಬೈಲುಗಳೆಲ್ಲ ಮುಖ್ಯ ಪಾತ್ರ ಮಾಡುವ ಎರಡನೇ ವೇಷದ ಹಿಂದೆ ತಿರುಗುತ್ತಿರುವಾಗ ಸುಮ್ಮನೆ ನಿಲ್ಲುವ ಧೈರ್ಯ ಯಾರಿಗೆ ಬಂದೀತು? ಹಾರಾಡಿ, ಮಟಪಾಡಿ ಶೈಲಿಗಳ ಬಗ್ಗೆ ಬ್ರಹ್ಮಾವರದ ಹಿರಿಯರು ರಾತ್ರಿಯಿಡೀ ವಾದಿಸಬಲ್ಲರು, ಬಹುಪಾಲು ಹೆಜ್ಜೆಯ ಬಗ್ಗೆ. ನಿಂತ ಕಾಲಿನ ಬಗ್ಗೆಯೂ ಅವರು ವಾದಿಸಲಿ ಎಂದು ನನ್ನಾಸೆ.

ಮಂದಾರ್ತಿಯದೋ ಮಾರಣಕಟ್ಟೆಯದೋ ಮೇಳದ ಹರಕೆ ಆಟ ಮನೆಯ ಹತ್ತಿರ ಬಂದರೆ ನಡುವೆ ಕೂರದೆ ಒಂದು ಬದಿಗೆ ಕೂತು ನೋಡಿ. ಬದಿಯಿಂದ ನೋಡಿದರೆ ಮುಖ್ಯ ವೇಷ ಅರ್ಧ ಬೆನ್ನು ಕೊಡುತ್ತದೆ, ಅದನ್ನು ನೋಡುತ್ತಿರುವವನ ಮುಖ ಪೂರ್ತಿ ಸಿಗುತ್ತದೆ. ಮೆಚ್ಚಿಗೆಯಾದರೆ ಆಟ ಮುಗಿದ ಮೇಲೆ ಚೌಕಿಗೆ ಹೋಗಿ, ಬಣ್ಣ ತೆಗೆಯುತ್ತಿರುವವರಲ್ಲಿ ಕಟುಕನ ವೇಷ ಯಾರದ್ದೆಂದು ಕೇಳಿ. ಕರಪತ್ರದಲ್ಲಿ ಅವರ ಹೆಸರು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ.