ಬಾಹುಬಲಿಯ ಒಂದು ವರ್ಷ, ಭರತನ ಅಂತರ್ಮುಹೂರ್ತ

ಧ್ಯಾನವನ್ನು ಕುರಿತು ನಮ್ಮ ಪುರಾಣಗಳಿಂದ ಏನನ್ನಾದರೂ ತಿಳಿಯಬಯಸುವವರಿಗೆ ಆರಂಭದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಆದಿನಾಥರ ಮಕ್ಕಳಲ್ಲಿ ಬಾಹುಬಲಿಯು ಗೆದ್ದ ರಾಜ್ಯವನ್ನೇ ತೊರೆದು, ಒಂದು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಹಬ್ಬಿದವು, ಹುತ್ತಗಳು ಬೆಳೆದವು. ಆದರೂ ಕೇವಲಜ್ಞಾನವು ತಡೆದು ನಿಂತಿತು. ಅವನ ಅಣ್ಣ ಭರತನಾದರೋ ಷಟ್ಖಂಡ ಭೂಮಂಡಲವನ್ನು ಆಳಿ, ಸಕಲ ಭೋಗಗಳ ನಡುವೆ ಬಾಳಿ, ಕೊನೆಗೊಂದು ದಿನ ಕನ್ನಡಿಯಲ್ಲಿ ನರೆಗೂದಲನ್ನು ಕಂಡು ವಿರಕ್ತನಾದನು. ದೀಕ್ಷೆಯ ಬಳಿಕ ಅವನಿಗೆ ಕೇವಲಜ್ಞಾನವು ಉದಯಿಸಲು ಒಂದು ಅಂತರ್ಮುಹೂರ್ತ, ಎಂದರೆ 48 ನಿಮಿಷಗಳಿಗೂ ಕಡಿಮೆ ಕಾಲ, ಸಾಕಾಯಿತು. ಒಂದೇ ಮನೆಯ ಅಣ್ಣತಮ್ಮಂದಿರ ಈ ಎರಡು ಲೆಕ್ಕಗಳನ್ನು ಜೊತೆಯಾಗಿಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಬಾಹುಬಲಿಯ ಕಥೆಯನ್ನು ತ್ಯಾಗಕ್ಕೆಂದೂ ಭರತನ ಕಥೆಯನ್ನು ವೈಭವಕ್ಕೆಂದೂ ಹಂಚಿಕೊಂಡುಬಿಟ್ಟಿದ್ದೇವೆ.

ಬಾಹುಬಲಿಗೆ ಅಡ್ಡಿಯಾಗಿದ್ದುದು ಯಾವುದು? ಪ್ರವಚನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: “ನಾನು ನಿಂತಿರುವ ನೆಲ ಭರತನದು” ಎಂಬ ಅಭಿಮಾನದ ಶಲ್ಯ. ಇದಕ್ಕೆ ಆಧಾರವಿಲ್ಲವೆಂದಲ್ಲ. ಬಾಹುಬಲಿಯು ಮಾನಕಷಾಯದಿಂದ ಕಲುಷಿತನಾಗಿದ್ದನೆಂಬ ಮಾತು ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿಯೇ ಇದೆ. ಶ್ವೇತಾಂಬರ ಪರಂಪರೆಯಲ್ಲಿ 12ನೆಯ ಶತಮಾನದ ಹೇಮಚಂದ್ರಾಚಾರ್ಯರೂ ಅಭಿಮಾನವನ್ನೇ ಹೇಳುತ್ತಾರೆ. ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ಸಹೋದರರಿಗೆ ವಂದಿಸಬೇಕಾದೀತೆಂಬ ಹಿಂಜರಿಕೆಯದು. ತಂಗಿಯರಾದ ಬ್ರಾಹ್ಮೀ ಸುಂದರಿಯರು ಬಂದು ಆನೆಯಿಂದ ಇಳಿಯೆಂದು ಎಚ್ಚರಿಸಿದ ಪ್ರಸಂಗ ಅಲ್ಲಿ ಪ್ರಸಿದ್ಧವಾಗಿದೆ.

ಆದರೆ 9ನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ 36ನೆಯ ಪರ್ವದಲ್ಲಿ ಹೇಳುವುದು ಬೇರೆಯೇ ಒಂದು ಸಂಗತಿ. ನನ್ನಿಂದಾಗಿ ಭರತನಿಗೆ ಕ್ಲೇಶವಾಯಿತಲ್ಲ ಎಂಬ ಅಳಲು ಆ ಮಹಾಯೋಗಿಯ ಎದೆಯಲ್ಲಿ ಉಳಿದಿತ್ತು. ಆದುದರಿಂದ ಅವನ ಕೇವಲಜ್ಞಾನವು ಭರತನ ಪೂಜೆಯನ್ನು ಕಾದಿತ್ತು. ಇಲ್ಲಿ ಆಚಾರ್ಯರು ಸೂಚಿಸುವುದು ಹಗೆಯನ್ನಲ್ಲ, ಹೆಮ್ಮೆಯನ್ನೂ ಅಲ್ಲ. ಒಡಹುಟ್ಟಿದವನ ಮೇಲಣ ಸ್ನೇಹವನ್ನು. ತತ್ತ್ವಾರ್ಥಸೂತ್ರವು ಶಲ್ಯರಹಿತನನ್ನೇ ವ್ರತಿಯೆಂದು ಕರೆಯುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ಮಹಾವ್ರತಿಯಾದ ಬಾಹುಬಲಿಗೆ ಶಲ್ಯವಿತ್ತೆಂದು ಸಲೀಸಾಗಿ ನುಡಿಯುವ ಪ್ರವಚನಕಾರರು ಈ ಸೂತ್ರವನ್ನು ನೆನೆಯುವುದು ಒಳಿತು.

ಈ ಎರಡು ನಿರೂಪಣೆಗಳಲ್ಲಿ ಜಿನಸೇನರದೇ ಹೆಚ್ಚು ಆಳವಾದುದೆಂದು ನಮ್ಮ ಅಭಿಪ್ರಾಯ. ಅಭಿಮಾನದ ಕಥೆಯನ್ನು ಕೇಳಿದ ಶ್ರಾವಕನು, ಅದು ವೀರರ ದೋಷ, ನನ್ನದಲ್ಲ ಎಂದು ನಿರಾಳವಾಗಿ ಮನೆಗೆ ಹೋಗಬಹುದು. ತನ್ನಿಂದ ಮತ್ತೊಬ್ಬನಿಗೆ ನೋವಾಗಿದೆ ಎಂಬ ಅರಿವು ಹಾಗೆ ಬಿಡುವಂತಹುದಲ್ಲ. ಪಾಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಆಸ್ತಿಪತ್ರಕ್ಕೆ ಸಹಿ ಹಾಕಿಸಿಕೊಂಡ ಬಳಿಕ ತವರಿಗೆ ಕರೆಯಿಸಿಕೊಳ್ಳದ ಹೆಣ್ಣುಮಕ್ಕಳು ಯಾವ ಊರಿನ ಜೈನ ಮನೆತನಗಳಲ್ಲಿ ಇಲ್ಲ? ಅಂತಹ ಮನೆಯ ಯಜಮಾನನು ಬೆಳಗಿನ ಜಾವ ಸಾಮಾಯಿಕಕ್ಕೆ ಕುಳಿತಾಗ ಅವನ ಚಿತ್ತವು ಎಲ್ಲಿ ನೆಲೆಸಿರುತ್ತದೆ ಎಂಬುದು ಜಿನಸೇನರು ನಮ್ಮ ಮುಂದಿಡುವ ಪ್ರಶ್ನೆ.

ಧ್ಯಾನವೆಂದೊಡನೆ ಅದು ಶುಭವೇ ಆಗಿರಬೇಕೆಂಬ ಭಾವನೆ ಇತ್ತೀಚಿನದು. ನಮ್ಮ ಶಾಸ್ತ್ರವು ಅಷ್ಟು ಉದಾರವಾಗಿಲ್ಲ. ಚಿಂತೆಯನ್ನು ಒಂದೇ ವಿಷಯದಲ್ಲಿ ತಡೆದು ನಿಲ್ಲಿಸುವುದು ಧ್ಯಾನ. ಆ ವಿಷಯ ಯಾವುದೂ ಆಗಬಹುದು. ಆದುದರಿಂದಲೇ ಉಮಾಸ್ವಾಮಿಗಳು ಧರ್ಮ್ಯ, ಶುಕ್ಲಗಳೊಡನೆ ಆರ್ತ, ರೌದ್ರಗಳನ್ನೂ ಧ್ಯಾನವೆಂದೇ ಎಣಿಸಿದರು. ಅನಿಷ್ಟವು ತೊಲಗಲಿ, ಅಗಲಿದ ಇಷ್ಟವು ಮರಳಲಿ, ನೋವು ನೀಗಲಿ, ಮುಂದೆ ಭೋಗವು ದೊರೆಯಲಿ ಎಂದು ಹಂಬಲಿಸುವುದು ಆರ್ತ. ರೌದ್ರದ ನಾಲ್ಕು ಭೇದಗಳಲ್ಲಿ ಹಿಂಸೆ, ಅಸತ್ಯ, ಚೌರ್ಯಗಳಿಂದ ಹುಟ್ಟುವ ಮೂರನ್ನು ಯಾರೂ ಸುಲಭವಾಗಿ ಗುರುತಿಸಬಲ್ಲರು. ನಾಲ್ಕನೆಯದು ವಿಷಯಸಂರಕ್ಷಣ: ತನ್ನದೆಂದುಕೊಂಡ ವಸ್ತುವನ್ನು ಕಾಪಾಡಿಕೊಳ್ಳುವ ಏಕಾಗ್ರತೆ. ಬಸದಿಯ ಜಮೀನಿನ ದಾವೆ, ಆಡಳಿತ ಮಂಡಳಿಯ ಚುನಾವಣೆ, ಅಭಿಷೇಕದ ಮೊದಲ ಕಲಶ ಯಾರದೆಂಬ ಚರ್ಚೆ, ಇವುಗಳಲ್ಲಿ ನಮ್ಮ ವಿಶ್ವಸ್ತರು ತೋರುವ ಏಕಾಗ್ರತೆಯನ್ನು ಕಂಡವರು, ಈ ಕಾಲದಲ್ಲಿ ಧ್ಯಾನಿಗಳೇ ಇಲ್ಲವೆಂದು ಹೇಳಲಾರರು! ದೇವದ್ರವ್ಯದ ರಕ್ಷಣೆ ಕರ್ತವ್ಯವೇ ಸರಿ. ಸಲ್ಲಬೇಕಾದುದನ್ನು ಬಿಟ್ಟುಕೊಡಿರೆಂದು ನಾವು ಹೇಳುವುದಿಲ್ಲ. ಆದರೆ ಕರ್ತವ್ಯವು ಯಾವ ಗಳಿಗೆಯಲ್ಲಿ ರೌದ್ರಕ್ಕೆ ತಿರುಗಿತೆಂಬುದನ್ನು ನ್ಯಾಯಾಲಯವು ಹೇಳಲಾರದು. ಅದನ್ನು ಕಾಣಬಲ್ಲವನು ದಾವೆ ಹೂಡಿದವನೊಬ್ಬನೇ.

ಕಾಣುವ ಬಗೆಯನ್ನೂ ಶಾಸ್ತ್ರವು ಹೇಳಿದೆ. ಅಂತರಂಗ ತಪಸ್ಸುಗಳು ಆರು: ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ. ಈ ಅನುಕ್ರಮವು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮಾಡಿದ ತಪ್ಪನ್ನು ಒಪ್ಪಿ ತಿದ್ದಿಕೊಂಡು, ಹಿರಿಯರಲ್ಲಿ ಬಾಗಿ, ರೋಗಿಗಳ ಮತ್ತು ತ್ಯಾಗಿಗಳ ಸೇವೆಯಲ್ಲಿ ಕೈ ಸವೆಸಿ, ಓದಿ, ದೇಹಮಮತೆಯನ್ನು ಸಡಿಲಿಸಿದವನಿಗೆ ಕೊನೆಯಲ್ಲಿ ಧ್ಯಾನವು ಹೇಳಲ್ಪಟ್ಟಿದೆ. ಮೂರು ದಿನಗಳ ಶಿಬಿರಗಳಲ್ಲಿ ನಾವು ಏಣಿಯ ಮೇಲಿನ ಮೆಟ್ಟಿಲಿನಿಂದಲೇ ಹತ್ತಲು ಹೊರಟಿದ್ದೇವೆ. ಉಸಿರಾಟವನ್ನು ಗಮನಿಸುವುದರಿಂದ ಮನಸ್ಸು ಹಗುರವಾಗುವುದು, ನಿದ್ರೆ ಬರುವುದು ಒಳ್ಳೆಯ ಸಂಗತಿಗಳೇ. ಅವನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ನೋವು ನೀಗಲೆಂಬುದೊಂದೇ ಹಂಬಲವಾದರೆ ಆ ಕುಳಿತವನು ಕಣ್ಣು ಮುಚ್ಚಿ ಆರ್ತಧ್ಯಾನವನ್ನೇ ಮಾಡುತ್ತಿರಬಹುದೆಂಬ ಎಚ್ಚರಿಕೆಯನ್ನು ಶಿಬಿರದ ಕರಪತ್ರಗಳಲ್ಲಿ ನಾವು ಕಂಡಿಲ್ಲ.

ಗೃಹಸ್ಥನಿಗೆ ನಿಲುಕುವ ದಾರಿ ಅನುಪ್ರೇಕ್ಷೆ. ತತ್ತ್ವಾರ್ಥಸೂತ್ರದಲ್ಲಿ ಇದು ಎರಡು ಕಡೆ ಬರುತ್ತದೆ: ಅನಿತ್ಯ, ಅಶರಣ ಮೊದಲಾದ ಹನ್ನೆರಡು ಭಾವನೆಗಳಾಗಿ ಒಮ್ಮೆ, ಸ್ವಾಧ್ಯಾಯದ ಐದು ಅಂಗಗಳಲ್ಲಿ ಮೂರನೆಯದಾಗಿ ಇನ್ನೊಮ್ಮೆ. ಓದಿದ್ದನ್ನು, ಕೇಳಿ ಸಂಶಯ ಪರಿಹರಿಸಿಕೊಂಡದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ನೋಡುವುದೇ ಅದು. ಸ್ವಾಮಿಕಾರ್ತಿಕೇಯರ ಪ್ರಾಕೃತ ಗ್ರಂಥವು ಪೂರ್ತಿಯಾಗಿ ಈ ಹನ್ನೆರಡನ್ನು ಕುರಿತದ್ದು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ವಿದ್ವಾಂಸ ಡಾ. ಆ. ನೇ. ಉಪಾಧ್ಯೆ ಅವರು ಅದನ್ನು ಸಂಪಾದಿಸಿ 1960ರಲ್ಲಿ ಹೊರತಂದರು. ಏಕತ್ವಭಾವನೆಯನ್ನು, ಎಂದರೆ ಹುಟ್ಟುವವನೂ ಸಾಯುವವನೂ ಕರ್ಮಫಲವನ್ನು ಉಣ್ಣುವವನೂ ತಾನೊಬ್ಬನೇ ಎಂಬುದನ್ನು, ಒಬ್ಬ ವಿಶ್ವಸ್ತನು ಸಭೆಗೆ ಹೊರಡುವ ಮುನ್ನ ಹತ್ತು ನಿಮಿಷ ನಿಜವಾಗಿ ಚಿಂತಿಸಿದನೆಂದರೆ ಆ ಸಭೆಯ ನಡಾವಳಿ ಬೇರೆಯೇ ಆದೀತು.

ಇದಕ್ಕೆ ಜ್ಞಾನಾರ್ಣವವನ್ನು ಬರೆದ ಶುಭಚಂದ್ರಾಚಾರ್ಯರು ಒಪ್ಪಲಾರರು. ಗೃಹಾಶ್ರಮದಲ್ಲಿ ಧ್ಯಾನಸಿದ್ಧಿ ಎಂದೆಂದಿಗೂ ಇಲ್ಲವೆಂಬುದು ಅವರ ಕಟುವಾದ ತೀರ್ಮಾನ. ಯೋಗಿಗಳಿಗಾಗಿ ಬರೆದ ಗ್ರಂಥದಲ್ಲಿ ಅದು ಸಹಜ. ನಮ್ಮ ಕನ್ನಡದಲ್ಲಿ ಅದಕ್ಕೆ ಕಾವ್ಯರೂಪದ ಮಾರುತ್ತರವನ್ನು ಕೊಟ್ಟವನು 16ನೆಯ ಶತಮಾನದ ಮೂಡುಬಿದಿರೆಯ ರತ್ನಾಕರವರ್ಣಿ. ಅವನ ಭರತೇಶ ವೈಭವದ ಚಕ್ರವರ್ತಿಯು ಆಸ್ಥಾನದ ನಡುವೆ, ರಾಣಿವಾಸದ ನಡುವೆ ಕಣ್ಣುಮುಚ್ಚಿ ಆತ್ಮನನ್ನು ನೋಡಬಲ್ಲ. ಆ ಕೊನೆಯ ಅಂತರ್ಮುಹೂರ್ತವು ಒಮ್ಮೆಗೇ ಒದಗಿದ ಭಾಗ್ಯವಲ್ಲ, ಬಾಳಿನುದ್ದಕ್ಕೂ ಗೃಹಸ್ಥನು ಮಾಡಿದ ಚಿಂತನೆಯ ಫಲ ಎಂಬುದು ಆ ಸಾಂಗತ್ಯದ ಒಳಮಾತು. ಗೃಹಸ್ಥರಿಗೆ ಇದಕ್ಕಿಂತ ದೊಡ್ಡ ಅಭಯವನ್ನು ಕೊಟ್ಟ ಕಾವ್ಯ ಕನ್ನಡದಲ್ಲಿ ಮತ್ತೊಂದಿಲ್ಲ.

ಆದರೂ ಒಂದು ಆಕ್ಷೇಪವನ್ನು ಹೇಳದಿರಲಾಗದು. ರತ್ನಾಕರನಿಗೆ ತನ್ನ ನಾಯಕನ ಮೇಲೆ ಅತಿಯಾದ ಮೋಹ. ಅಣ್ಣತಮ್ಮಂದಿರ ಕಾಳಗವನ್ನು ಅವನು ಮಾತಿನಲ್ಲಿಯೇ ಕರಗಿಸಿಬಿಡುತ್ತಾನೆ. ಭರತನಿಗೆ ಪಶ್ಚಾತ್ತಾಪ ಪಡಬೇಕಾದುದೇ ಉಳಿಯುವುದಿಲ್ಲ. ಜಿನಸೇನರ ಭರತನು ಸೋತ ಸಿಟ್ಟಿನಲ್ಲಿ ತಮ್ಮನ ಮೇಲೆ ಚಕ್ರವನ್ನೇ ಬಿಟ್ಟವನು. ಮುಂದೆ ಅವನು ಬಾಹುಬಲಿಗೆ ಎರಡು ಸಲ ಪೂಜೆ ಸಲ್ಲಿಸಿದನೆಂದೂ, ಕೇವಲಜ್ಞಾನಕ್ಕೆ ಮುಂಚಿನದು ತನ್ನ ಅಪರಾಧವನ್ನು ತೊಳೆದುಕೊಳ್ಳಲು, ಆಮೇಲಿನ ಮಹಾಪೂಜೆಯು ಆ ಜ್ಞಾನೋದಯಕ್ಕಾಗಿ ಎಂದೂ ಆಚಾರ್ಯರು ಬಿಡಿಸಿ ಹೇಳಿದ್ದಾರೆ. ನಮ್ಮ ಬಸದಿಗಳಲ್ಲಿ ಎರಡನೆಯ ಬಗೆಯ ಪೂಜೆಗಳಿಗೆ ಕೊರತೆಯಿಲ್ಲ. ಮೊದಲನೆಯದಕ್ಕೆ ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯ ದಿನವೊಂದಿದೆ; ಅದೀಗ ಅಚ್ಚುಹಾಕಿಸಿದ ಪತ್ರಗಳಲ್ಲಿಯೂ ಭೋಜನದಲ್ಲಿಯೂ ಮುಗಿಯುತ್ತಿದೆ. ಆ ದಿನ ಆದಿಪುರಾಣದ 36ನೆಯ ಪರ್ವದ ಈ ಭಾಗವನ್ನು ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿ, ಬಳಿಕ ಅರ್ಧ ಗಂಟೆ ಎಲ್ಲರೂ ಮೌನವಾಗಿ ಕುಳಿತಿರುವ ಏರ್ಪಾಡನ್ನು ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದು. ಖರ್ಚೇನೂ ಇಲ್ಲ, ಮಂಡಳಿಯ ಸದಸ್ಯರು ಮುಂದಿನ ಸಾಲಿನಲ್ಲಿ ಕುಳಿತರೆ ಸಾಕು.